ತುಳಸಿಯ ಪಾತಿಗೆ ಬಾವಿಯ ನೀರು

ಕತ್ತರಿ ಬಿಸಿಲಿನ ದಿನಗಳು, ಬೇಸಿಗೆಯ ತುತ್ತತುದಿ. ಮದರಾಸಿನ ಮೈಲಾಪುರದ ನಮ್ಮ ಮನೆಯ ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಪಕ್ಕದ ಮನೆಯ ಮಾಮಿ ಮೆಟ್ಟಿಲು ಹತ್ತಿ ಬಂದರು. ಅವರು ತಮಿಳಿನವರು, ನಮ್ಮೊಡನೆ ಒಡನಾಡಿ ಕನ್ನಡ ಕಲಿತವರು.

“ತೋಟದಲ್ಲಿ ನಮ್ಮ ಪಾತಿ ಅಗೆದು ಹಾಕ್ತಾರಂತೆ. ಮಣ್ಣೇ ಕೆಟ್ಟು ಪೋಚು ಅಂತ ಕಮಿಟಿ ತೀರ್ಮಾನ ಮಾಡಿಬಿಡ್ತು. ಅಲ್ಲಿ ಕ್ರೋಟನ್ ಕುಂಡ ಇಡ್ತಾರಂತೆ. ನಿಮ್ಮ ನಾದಿನಿಗೆ ನೀವೇ ಹೇಳಿ, ನನ್ನ ಬಾಯಿಂದ ಆಗಲ್ಲ.”

ಬೆರಳಿಗೆ ಹತ್ತಿದ್ದ ಹಿಟ್ಟು ಒರೆಸಿಕೊಂಡು ಉಳಿದ ಸಂಡಿಗೆ ಇಟ್ಟು ಮುಗಿಸಿದೆ.

ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಆ ಸಸ್ಯೋದ್ಯಾನ. ಐವತ್ತರ ದಶಕದ ಕೊನೆಯಲ್ಲಿ ಅಲ್ಲಿಯವರು ನೆರೆಹೊರೆಯ ಹೆಂಗಸರಿಗೆಂದು ಒಂದು ಪಾತಿ ಬಿಟ್ಟುಕೊಟ್ಟಿದ್ದರು. ಸಂಬಳವಿಲ್ಲದ ಸೇವೆ. ನಾವು ಪೂಜೆಗೆ ಬೇಕಾದ ಗಿಡಗಳನ್ನೇ ಬೆಳೆಸಿದ್ದೆವು: ತುಳಸಿ, ದವನ, ಮರುಗ. ಕಳೆ ಕೀಳುವುದು, ನೀರು ಹಾಕುವುದು, ಮಳೆ ಹಿಡಿದ ಮೇಲೆ ಕೇಳಿದವರಿಗೆ ಸಸಿ ಕೊಡುವುದು. ಶಾಲೆಯ ಮಕ್ಕಳು ನೋಡಲು ಬಂದಾಗ ಗಿಡಗಳ ಗುರುತು ಹೇಳುವ ಕೆಲಸ ನನ್ನ ನಾದಿನಿಯದು.

ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ತಲೆ ಬೋಳಿಸಲು ನಮ್ಮ ಯಜಮಾನರು ಒಪ್ಪಲಿಲ್ಲ, ಅದೊಂದು ಪುಣ್ಯ. ಆದರೆ ಹಿತ್ತಿಲ ಪಡಸಾಲೆ ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ಅತ್ತೆಯವರೂ ವಿಧವೆ, ಮಡಿ ಹೆಂಗಸು. ತುಳಸಿಯ ಸೇವೆ ಎಂದ ಕಾರಣಕ್ಕೆ ಮಾತ್ರ ಮಗಳನ್ನು ನನ್ನ ಜೊತೆ ಕಳಿಸುತ್ತಿದ್ದರು. ಅದಕ್ಕೂ ಒಂದು ಕಟ್ಟಳೆ ಇತ್ತು: ದೇವರಿಗೇರುವ ತುಳಸಿಗೆ ನಲ್ಲಿಯ ನೀರು ಕೂಡದು, ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ. ತೋಟದ ಬಾವಿಯಿಂದಲೇ ಸೇದಿ ಹಾಕಬೇಕು. ಅತ್ತೆಯವರದು ಕಪಟವಲ್ಲ. ಹಿಂದೊಮ್ಮೆ ನಮ್ಮ ಮನೆಯ ಬಾವಿ ಬತ್ತಿದ ದಿನ ಅವರು ನಲ್ಲಿ ನೀರು ಮುಟ್ಟದೆ ಉಪವಾಸವೇ ಇದ್ದವರು.

ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ನಾದಿನಿ ತೋಟದಲ್ಲಿ ಬೇರೆಯೇ ಹುಡುಗಿ. ಮಕ್ಕಳು ಅವಳನ್ನು ಟೀಚರ್ ಎನ್ನುತ್ತಿದ್ದವು.

“ಟೀಚರ್, ಇದು ತಿನ್ನಲಾಮಾ?” ಎಂದು ಒಂದು ಮಗು ದವನ ಹಿಡಿದು ಕೇಳಿತು.

“ತಿನ್ನು. ಆಮೇಲೆ ನೀನು ಬಾಯಿ ತೆಗೆದರೆ ಜನ ಮಂಗಳಾರತಿ ತಟ್ಟೆ ಹುಡುಕ್ಕೊಂಡು ಬರ್ತಾರೆ,” ಎಂದು ಅರ್ಧ ತಮಿಳಿನಲ್ಲಿ ಹೇಳಿ ತಾನೇ ನಕ್ಕಳು. ಆ ನಗುವನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ.

ಆ ಬೇಸಿಗೆ ತೋಟದ ಬಾವಿಯ ನೀರು ಇಳಿದು ಉಪ್ಪಾಯಿತು. ತುಳಸಿಯ ಎಲೆಯಂಚು ಸುಟ್ಟ ಹಾಗೆ ಕಂದಿತು, ಪಾತಿಯ ಮೇಲೆ ಬಿಳಿ ಪೊರೆ ಕಟ್ಟಿತು. ತೋಟದ ಸೆಕ್ರೆಟರಿಯಮ್ಮ ಬಂದು, “ಈ ನೀರು ನಿಲ್ಲಿಸಿ, ನಲ್ಲಿಯಿಂದ ಹಾಕಿ. ಇಲ್ಲದಿದ್ದರೆ ಪಾತಿ ಉಳಿಯೋದಿಲ್ಲ,” ಎಂದು ಎಚ್ಚರಿಸಿದರು. ನಾದಿನಿ ಮನೆಗೆ ಬಂದು ತಾಯಿಗೆ ಹೇಳಿದಳು.

“ನಲ್ಲಿ ನೀರು ಹಾಕಿದ ದಿನವೇ ನೀನು ಹೊಸ್ತಿಲು ದಾಟೋದು ಕೊನೆ,” ಎಂದರು ಅತ್ತೆ.

“ನಲ್ಲಿ ತಿರುಗಿಸೋದು ನಾನು, ಪಾಪ ನನಗೇ ಬರಲಿ. ಇವರು ಆ ಕಡೆ ತಿರುಗಿ ನಿಲ್ಲಲಿ,” ಎಂದು ಮಾಮಿ ಉಪಾಯ ಹೇಳಿದರು. ನಾದಿನಿ ಒಪ್ಪಲಿಲ್ಲ. “ಅಮ್ಮ ದಿನಾ ಕೇಳ್ತಾಳೆ ಅತ್ತಿಗೆ, ಯಾವ ನೀರು ಅಂತ. ತುಳಸಿ ವಿಷಯದಲ್ಲಿ ಸುಳ್ಳು ಹ್ಯಾಗೆ ಹೇಳಲಿ?”

ಮನೆಯ ಬಾವಿಯಿಂದ ಬಿಂದಿಗೆಯಲ್ಲಿ ಹೊತ್ತು ನೋಡಿದೆವು. ಆ ಬಿಸಿಲಿಗೆ ಅದು ಯಾವ ಮೂಲೆಗೆ? ಯಜಮಾನರಿಗೆ ಹೇಳಿದರೆ, “ಅಮ್ಮನ ಮಡಿ ವಿಷಯಕ್ಕೆ ನಾನು ಬರೋಲ್ಲ,” ಎಂದು ಪೇಪರು ಬಿಡಿಸಿದರು. ಮತ್ತೆ ಉಪ್ಪುನೀರನ್ನೇ ಸೇದಿ ಹಾಕಿದಳು. ತನ್ನ ಗಿಡವನ್ನು ತಾನೇ ಕೊಲ್ಲುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ನೋಡುತ್ತ ನಿಂತ ನಮಗೂ ಗೊತ್ತಿತ್ತು.

ಆ ದಿನ ಕಮಿಟಿಯ ಸುದ್ದಿ ತಿಳಿಸಿ ಮಾಮಿ ಹೋದ ಮೇಲೆ, ಮಹಡಿಯಿಂದ ಕೆಳಗಿಳಿದು ನಾದಿನಿಗೆ ಹೇಳಿದೆ. ಅವಳು ಹಿತ್ತಿಲಲ್ಲಿ ಒಗೆದ ಸೀರೆ ಹಿಂಡುತ್ತಿದ್ದಳು. ಹಿಂಡಿ, ಕೊಡವಿ, ಹಗ್ಗಕ್ಕೆ ಹರವಿದ ಮೇಲೆ, “ಮಕ್ಕಳು ಬಂದ್ರೆ ಯಾರು ಹೇಳಿಕೊಡ್ತಾರೆ?” ಎಂದು ಕೇಳಿದಳು.

ಒಳಗಿನಿಂದ ಅತ್ತೆಯವರ ದನಿ ಬಂತು. “ತುಳಸಿ ಹೋಯಿತು ಅಂದಮೇಲೆ ಅಲ್ಲೇನು ಕೆಲಸ? ನಮ್ಮನೆಯಲ್ಲೇ ಕಟ್ಟೆ ಇಲ್ಲವೇನು?”

“ಬೇರೆ ಪಾತಿ ಕೇಳಿ ನೋಡಬಹುದು ಅತ್ತೆ,” ಎಂದೆ. “ತೋಟದಲ್ಲಿ ಮಲ್ಲಿಗೆ ಪಾತಿಗೆ ಜನ ಬೇಕು ಅಂತಿದ್ರು.”

“ಮಲ್ಲಿಗೆಯಾ? ಇವಳಿಗಾ?”

ಅಷ್ಟೇ. ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ನಾದಿನಿ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಪಡಸಾಲೆಯ ಮೂಲೆಗೆ ಹೋಗಿ ಗೋಡೆಗೊರಗಿ ಕೂತಳು. ಆ ಮೂಲೆಯಲ್ಲೇ ಅವಳ ಉಳಿದ ಆಯುಷ್ಯವೆಲ್ಲ ಕಳೆಯಿತು.

ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸಿಕೊಂಡು ಸಮಾಧಾನಪಡುವುದು ನನ್ನ ಅಭ್ಯಾಸ. ಆ ದಿನವೂ ನೋಡಿದೆ. ಮನೆಯಲ್ಲಿ ಜಗಳವಾಗಲಿಲ್ಲ. ಅವಳು ಅಳಲಿಲ್ಲ. ಅವಳು ಅಳದೇ ಇದ್ದದ್ದನ್ನು ಪುಣ್ಯದ ಲೆಕ್ಕಕ್ಕೆ ಹೇಗೆ ಸೇರಿಸುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಕೃಷ್ಣಾ ಎಂದೆ. ಅದರ ಮುಂದಕ್ಕೆ ಏನು ಬೇಡಬೇಕೋ ತೋಚಲಿಲ್ಲ.

ಸಂಜೆ ರುಬ್ಬಬೇಕಾದ ಉದ್ದು ಇನ್ನೂ ನೆನೆಹಾಕಿರಲಿಲ್ಲ. ಅಡುಗೆಮನೆಗೆ ಹೋಗಿ ಅದನ್ನು ತೊಳೆಯಲು ಕೂತೆ.