ಪೂಜೆಗಿಟ್ಟ ಲಿನಕ್ಸ್ ಪುಸ್ತಕ

ನಮ್ಮ ಮನೆಯವರು, ದುರ್ಗೇಶ, ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲ್ ಪರೀಕ್ಷಿಸುವವರು. ಈ ವರ್ಷ ಆ ಪ್ಯಾನೆಲ್ಲುಗಳೊಳಗೆ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದು ಕೂತಿತು. ದಸರೆಯ ಮರುದಿನ ಪರೀಕ್ಷೆ, ಲಿನಕ್ಸ್‌ನಲ್ಲಿ ಪ್ರೋಗ್ರಾಂ ಬರೆದು ತೋರಿಸಿದವರಿಗಷ್ಟೇ ಕೆಲಸ, ಉಳಿದವರು ಮನೆಗೆ ಎಂದುಬಿಟ್ಟ ಮ್ಯಾನೇಜರ್. ಅವನ ಬಾಯಿಗೆ ಮಣ್ಣು ಬೀಳಲಿ!

ಇವರೋ, ಓದುವುದು ಬಿಟ್ಟು ಪುಸ್ತಕ ಆರಿಸುತ್ತ ಹೊರಟರು. ಗೋಕುಲ ರಸ್ತೆಯಲ್ಲಿ ಹಳೆ ಪುಸ್ತಕ ಮಾರುವ ಕಮರುದ್ದೀನ ಆಪರೇಟಿಂಗ್ ಸಿಸ್ಟಮ್ ಬಗ್ಗೆ ದಿಂಬಿನಂಥದ್ದೊಂದು ಕೊಟ್ಟ. ಪಕ್ಕದ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಪೂನಮ್, “ಕಾಕಾ, ಮೊದ್ಲ ಸಿ ಭಾಷಾ ಕಲೀರಿ” ಎಂದಳು. ಸಿ ಪುಸ್ತಕ ಬಂತು. ಇವರ ಜೊತೆ ದುಡಿಯುವ ಹನಮೇಶ, “ಲಿನಕ್ಸ್ ಕಮಾಂಡ್ ಬಂದ್ರ ಸಾಕೋ” ಎಂದ. ಅದರ ಪುಸ್ತಕವೂ ಬಂತು. ಪ್ರತಿಯೊಂದಕ್ಕೂ ಖಾಕಿ ಕಾಗದ ಹೊದಿಸುವುದು, ಮೂಲೆಗೆ ಅರಿಶಿನ ಹಚ್ಚುವುದು, ಮೊದಲ ಪಾಠಕ್ಕೇ ತಲೆ ಹಿಡಿದು “ಈ ಪುಸ್ತಕನ ಸರಿ ಇಲ್ಲ ಬಿಡು” ಎನ್ನುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ತೆಳ್ಳಗಿನದೊಂದು ತಂದರು. ಲಿನಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗ್, ಎಲ್ಲದಕ್ಕೂ ಸಣ್ಣ ಸಣ್ಣ ಉದಾಹರಣೆ. “ಇದು ಭಾಳ ಛಲೋ ಐತಂತ. ಮೂರೂ ಮಂದಿ ಇದನ್ನ ಹೇಳ್ಯಾರ” ಎಂದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು. ಆದರೆ ದಸರೆಯ ಹಿಂದಿನ ದಿನ, ಆಯುಧಗಳ ಖಂಡೇ ಪೂಜೆಗೆಂದು ಟೆಸ್ಟರ್, ಪಕ್ಕಡಗಳ ಜೊತೆ ಅದನ್ನೂ ತಾವೇ ದೇವರ ಮುಂದಿಟ್ಟರು.

ಪೂಜೆಗಿಟ್ಟದ್ದನ್ನು ಬನ್ನಿ ಮುಡಿಯುವ ತನಕ ಯಾರಿಗೂ ಮುಟ್ಟಗೊಡದ ನಮ್ಮ ಅತ್ತೆ ದೇವಕ್ಕ, ಮಗನ ಪರೀಕ್ಷೆ ನೆನೆದು ಅವರೇ ಸೋತು, “ತಗೊಂಡು ಓದಪಾ, ದೇವ್ರಿಗೆ ನಾ ಹೇಳ್ತೇನಿ” ಎಂದರು.

“ಮುಟ್ಟಬಾರ್ದು ಯವ್ವಾ” ಎಂದರು ಇವರು.

ದಸರೆಯ ಸಂಜೆ ಬೆಂಗೇರಿಯ ಓಣಿಯವರೆಲ್ಲ ಬನ್ನಿ ಕೊಟ್ಟು, “ಬಂಗಾರದಂಗ ಇರೂಣು” ಎಂದು ಹೋದರು. ಇನ್ನು ಮುಟ್ಟಬಹುದಲ್ಲ? ಇವರು ದೇವರ ಮುಂದೆ ಕೈಮುಗಿದು ಕೂತೇ ಇದ್ದರು. ನನ್ನ ತಾಳ್ಮೆ ಹೋಯಿತು. ಪುಸ್ತಕದ ಮೇಲಿನ ಹೂವು ಕೊಡವಿ ಅವರ ಮುಂದೆ ಹಿಡಿದೆ.

“ನಾಳೆ ಪರೀಕ್ಷಾ ಐತ್ರಿ! ತಗೀರಿ!”

“ಬ್ಯಾಡ ಮಾರಾಯ್ತಿ.”

“ಯಾಕ್ರಿ? ಇನ್ನ ಯಾವ ನೆವ ಉಳದೈತಿ?”

ಅವರ ಗಲ್ಲದ ಮೇಲೆ ಕಣ್ಣೀರಿಳಿಯುತ್ತಿತ್ತು. “ಇಷ್ಟು ದಿನಾ ಪುಸ್ತಕದ ಮ್ಯಾಲ ತಪ್ಪು ಹಾಕಿದ್ನಿ. ಇದೂ ತಿಳೀಲಿಲ್ಲಂದ್ರ? ಆಮ್ಯಾಲ ಯಾವ ಪುಸ್ತಕ ತರ್ಲಿ?”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅವರ ಪಕ್ಕದಲ್ಲೇ ಕೂತೆ. ಪುಸ್ತಕ ನನ್ನ ಕೈಯಲ್ಲೇ ಇತ್ತು. ಅದನ್ನು ತೆರೆಯಲು ನನಗೂ ಧೈರ್ಯ ಬರಲಿಲ್ಲ.