ಮೂರು ದಿನದ ಪಾಠ

ಹೈಸ್ಕೂಲು ಸೇರಿದ ಹೊಸದರಲ್ಲಿ, ನಮ್ಮ ಭೂಗೋಳದ ಮೇಷ್ಟ್ರಿಗೆ ಮರೆವಿನ ಕಾಯಿಲೆಯೆಂದು ನಂಬಿದ್ದ ನಾನು ದಿನಾ ಎದ್ದು ನಿಂತು ನನ್ನ ಪರಿಚಯ ಹೇಳಿಕೊಳ್ಳುತ್ತಿದ್ದೆ. "ಗೊತ್ತಪ್ಪ, ಕೂತ್ಕೋ" ಎನ್ನುತ್ತಿದ್ದರು. ನಂಬದೆ ಏನು ಮಾಡಲಿ? ಒಂದೊಂದು ಪಾಠವನ್ನೂ ಅವರು ಮೂರು ದಿನ ಮಾಡುತ್ತಿದ್ದರು: ಅದೇ ಮಾತು, ಅದೇ ಜೋಕು, ಜೋಕಿನ ಕೊನೆಗೆ ಅದೇ ಕೆಮ್ಮು. "ಗಾಳಿಗೆ ಮನೆ ಇಲ್ಲ, ಅದಕ್ಕೇ ಅಲೆಯುತ್ತೆ" ಎಂದು ಮೂರನೆಯ ದಿನವೂ ಆಗಷ್ಟೇ ಹೊಳೆದವರಂತೆ ಒಬ್ಬರೇ ನಗುವರು. ಆ ದನಿಗೆ ಫ್ಯಾನು ಕೂಡ ತೂಕಡಿಸುತ್ತಿತ್ತು. ಹಾಗಾಗಿ ಹಿಂದಿನ ವರ್ಷದವರು ಹೇಳಿಕೊಟ್ಟಂತೆ ನಾವೂ ನಿದ್ದೆಗೆ ಪಾಳಿ ಹಾಕಿಕೊಂಡೆವು. ಕ್ಲಾಸಿನಲ್ಲಿದ್ದದ್ದೇ ಮೂರು ಸಾಲು; ದಿನಕ್ಕೊಂದು ಸಾಲು ಎಚ್ಚರವಿದ್ದರೆ ಸಾಕು. ಬೆಳಗಿನ ಜಾವ ಮನೆಮನೆಗೆ ಪೇಪರ್ ಹಾಕಿ ಬರುತ್ತಿದ್ದ ನನಗೆ ಅದು ಬೆಂಚಲ್ಲ, ಹಾಸಿಗೆ. ಫೇಲಾದರೆ ಮಾವನ ಗ್ಯಾರೇಜೇ ಗತಿ ಎಂದು ಅಮ್ಮ ಹೇಳಿಬಿಟ್ಟಿದ್ದಳು. ನಮ್ಮ ಸಾಲಿನ ಸರದಿಯ ದಿನ ಕೇಳಿದ್ದರಲ್ಲೇ ಪಾಸಾದೆ, ಬದುಕಿದೆ. ಈಗ ಆಸ್ಪತ್ರೆಯ ಕೌಂಟರಿನಲ್ಲಿ ಕೂತು "ಎಡಕ್ಕೆ ಹೋಗಿ, ಎರಡನೇ ಬಾಗಿಲು" ಎನ್ನುವುದೇ ನನ್ನ ಸಂಬಳದ ಕೆಲಸ. ಒಬ್ಬರೇ ಮೂರು ಸಲ ಕೇಳಿದರೆ ದನಿ ಏರುತ್ತದೆ. ಏರಿದಾಗಲೆಲ್ಲ ಒಂದು ಸಂಗತಿ ನೆನಪಾಗುತ್ತದೆ: ಯಾವ ಸಾಲಿನ ಸರದಿಯೋ, ಮೇಷ್ಟ್ರು ಅವತ್ತು ಆ ಸಾಲಿನ ಪಕ್ಕದಲ್ಲೇ ನಿಂತು ಪಾಠ ಮಾಡುತ್ತಿದ್ದರು. ಮೊನ್ನೆ ಅವರೇ ಕೌಂಟರಿಗೆ ಬಂದರು. ಹಳೆಯ ಅಭ್ಯಾಸ, ಪರಿಚಯ ಹೇಳಿಕೊಂಡೆ. "ಗೊತ್ತಪ್ಪ" ಎಂದರು. ಕೇಳಿಯೇಬಿಟ್ಟೆ: "ಸಾರ್, ನಾವು ಪಾಳಿ ಹಾಕ್ಕೊಂಡು ಮಲಗ್ತಿದ್ದಿದ್ದು ನಿಮಗೆ ಗೊತ್ತಿತ್ತಾ?" "ಎಲ್ಲರೂ ಒಂದೇ ದಿನ ಎದ್ದಿರ್ತಿದ್ರೆ, ನಾನ್ಯಾಕೋ ಮೂರು ದಿನ ಅದನ್ನೇ ಒದರ್ತಿದ್ದೆ?"