ಪಿಟೀಲಿಗೆ ಸಿಕ್ಕಿದ ಹೊಳೆ

ಬೆಟ್ಟದಪುರದ ಚಿಕ್ಕಸಿದ್ದಮ್ಮನಿಗೆ ಅರವತ್ತೆಂಟು ವರ್ಷ. ಹೊಗೆಸೊಪ್ಪಿನ ಕಾಲ ಬಂದರೆ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದಿನ ಚಪ್ಪರದಲ್ಲಿ ಕೂತು, ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು ಅವಳ ಕೆಲಸ. ಕೈ ಕಟ್ಟುತ್ತಿದ್ದರೆ ಬಾಯಿ ಕಥೆ ಹೇಳುತ್ತಿರಬೇಕು. ಅವಳಿದ್ದ ಚಪ್ಪರದಲ್ಲಿ ಕೆಲಸ ಬೇಗ ಸಾಗುತ್ತದೆಂದು ಯಜಮಾನರು ಮೊದಲೇ ಹೇಳಿಕಳಿಸುತ್ತಿದ್ದರು.

ತುಂಬಿದ ಹೊಳೆಯನ್ನು ಮಗು ಹೊತ್ತು ದಾಟುವ ತಾಯಿಯ ಕಥೆಯೊಂದಿತ್ತು. ಅದನ್ನು ಹೇಳುವಾಗೆಲ್ಲ ಅವಳ ಕಣ್ಣಿಗೆ ಬರುತ್ತಿದ್ದವಳು ಸ್ವಂತ ಅವ್ವ. ಅವ್ವ ಸತ್ತಾಗ ಇವಳಿಗೆ ಒಂಬತ್ತು. ಒಂದು ಫೋಟೊ ಇಲ್ಲ. ಆ ಮುಖ ಉಳಿದಿದ್ದದ್ದು ಈ ಕಥೆಯೊಳಗೆ ಮಾತ್ರ.

ಈ ಸಲ ಯಜಮಾನರ ಮಗ ಯತೀಶ್ ಸ್ಪೀಕರ್ ತಂದಿಟ್ಟ. "ಅಜ್ಜಿ, ನೀವು ಯೇಳ್ತಾ ಇರಿ, ಹಿಂದೆ ಮ್ಯೂಸಿಕ್ ಕೊಡ್ತೀನಿ. ವಿಡಿಯೊ ಮಾಡಿ ಬುಟ್ರೆ ಊರೆಲ್ಲಾ ನೋಡ್ತದೆ."

ಕಥೆಯಲ್ಲಿ ಹೊಳೆಯ ದಡ ಬರುತ್ತಲೇ ಸ್ಪೀಕರಿನಲ್ಲಿ ಪಿಟೀಲು ಗೋಳಾಡತೊಡಗಿತು. ತಾಯಿ ಇನ್ನೂ ನೀರಿಗೆ ಕಾಲಿಟ್ಟಿರಲಿಲ್ಲ. ಹೆಂಗಸರು ಆಗಲೇ ಸೆರಗಿಗೆ ಮೂಗು ಒರೆಸಿಕೊಂಡರು.

"ಇನ್ನೂ ಏನೂ ಆಗಿಲ್ವಲ್ಲೇ, ಯಾಕ್ ಅಳ್ತೀಯೆ?" ಎಂದು ಚಿಕ್ಕಸಿದ್ದಮ್ಮ ಪಕ್ಕದ ಲಕ್ಷ್ಮಿದೇವಿಯನ್ನು ಕೇಳಿದಳು.

"ಆ ರಾಗ ಕೇಳಿದ್ರೇನೆ ಸಾಯ್ತಾಳೆ ಅಂತ ಗೊತ್ತಾಯ್ತದಲ್ಲ ದೊಡ್ಡವ್ವ. ಪಾಪ, ಆ ರೇಸ್ಮೆ ಸೀರೆ ಎಲ್ಲಾ ನೆಂದೋಯ್ತು."

"ರೇಸ್ಮೆನಾ? ನಾನು ಅರಕಲು ಸೀರೆ ಅಂದ್ನಲ್ಲೇ!"

"ನಂಗೆ ಧಾರಾವಾಹಿಯೋಳೇ ಕಂಡ್ಲು ಕಣವ್ವ."

ಚಿಕ್ಕಸಿದ್ದಮ್ಮನಿಗೆ, ಕೈಗೆ ಮೆತ್ತಿದ ಸೊಪ್ಪಿನ ಕರೀ ಅಂಟಿಗಿಂತ ಈ ರಾಗದ ಜಿಗುಟು ಹೇಸಿಗೆಯೆನಿಸಿತು. ಅಂಟನ್ನಾದರೂ ಬೂದಿ ಹಾಕಿ ತಿಕ್ಕಬಹುದು. ಕೇಳುವವರ ಹಣೆಬರಹ, ತನ್ನ ಹೊಳೆ ತನಗಿದೆ ಎಂದು ಕಣ್ಣು ಮುಚ್ಚಿದಳು. ಹೊಳೆಯೇನೋ ಬಂತು. ದಡದಲ್ಲಿ ನಿಂತವಳಿಗೆ ತೀಡಿದ ಹುಬ್ಬು, ಬಣ್ಣ ಬಳಿದ ತುಟಿ. ಅವ್ವನ ಜಾಗದಲ್ಲಿ ಟೀವಿಯವಳು.

ಥೂ ಎಂದು ಉಗಿದಳು. "ಆರ್ಸಪ್ಪ ಅದ್ನ."

"ಎಲ್ರೂ ಅಳ್ತಾವ್ರೆ, ಚೆನ್ನಾಗೈತೆ ಬುಡಿ ಅಜ್ಜಿ," ಎಂದ ಯತೀಶ್. ಹೆಂಗಸರೂ ಆರಿಸು ಎನ್ನಲಿಲ್ಲ.

ಎರಡನೇ ಸಲ ಕೇಳುವ ಜಾಯಮಾನ ಅವಳದಲ್ಲ. ತಾಯಿಯನ್ನು ದಡದಲ್ಲೇ ಬಿಟ್ಟು, ಹಬ್ಬದೂಟಕ್ಕೆ ಮಾವನ ಮನೆಗೆ ಬಂದ ಅಳಿಯನ ಕಥೆ ಎತ್ತಿಕೊಂಡಳು. ಮೂರು ಮುದ್ದೆಗೆ ಹಿದುಕಿದ ಅವರೆಬೇಳೆ ಸಾರು ಹೊಡೆದ ಅಳಿಯ, ಪಂಚೆ ಎತ್ತಿ ಹಿಡಿದು, ಚೊಂಬು ಹುಡುಕುತ್ತ ಹಿತ್ತಿಲಿಗೆ ಓಡುತ್ತಿದ್ದಾನೆ. ಹಿಂದೆ ಪಿಟೀಲು ಎದೆ ಬಿರಿಯುವಂತೆ ಅಳುತ್ತಿದೆ.

"ಕೇಳ್ರೇ, ಬೇಲಿ ಸಿಗೋಗಂಟ ತಡ್ಕತಾನೋ ಇಲ್ವೋ ಅಂತ ಅದ್ಕೂ ಸಂಕ್ಟ!"

ಲಕ್ಷ್ಮಿದೇವಿ ಕಡ್ಡಿ ಕೈಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಪಿಟೀಲು ಎಳೆದಷ್ಟೂ ನಗೆ ಏರಿತು. "ವಿಡಿಯೊ ಎಲ್ಲಾ ಕೆಡಿಸ್ಬುಟ್ರಿ," ಎಂದು ಯತೀಶ್ ಸ್ಪೀಕರ್ ಎತ್ತಿಕೊಂಡು ನಡೆದ.

ಚಿಕ್ಕಸಿದ್ದಮ್ಮ ನಗಲಿಲ್ಲ. ಕಣ್ಣು ಮುಚ್ಚಿ ಮತ್ತೆ ಆ ಕಥೆಯ ದಡಕ್ಕೆ ಹೋದಳು. ಬಣ್ಣದ ತುಟಿ ಇನ್ನೂ ಅಲ್ಲೇ ಇತ್ತು. ಆ ಮುಖದ ಕಡೆ ನೋಡದೆ ಕೆಳಗಿನಿಂದ ಶುರುಮಾಡಿದಳು: ಒಡೆದ ಹಿಮ್ಮಡಿ, ಬೆರಳ ಸಂದಿಯಲ್ಲಿ ಕೆಸರು, ಎಡಗಾಲಿನಲ್ಲಿ ಸವೆದ ಕಾಲುಂಗುರ. ಅಷ್ಟು ಅವ್ವನದೇ. ತಾಯಿಯನ್ನು ನೀರಿಗಿಳಿಸದೆ, ಆ ಪಾದಗಳನ್ನೇ ಇನ್ನಷ್ಟು ಹೊತ್ತು ಹೇಳಿದಳು.